ಮಾಲ್ಟಾದ ಚಳಿಯಲ್ಲಿ ಉಸ್ತಾದರ ಜೊತೆ

ನಮ್ಮ ಕರಾವಳಿಯಲ್ಲಿ ಮದನಿ ಅಂದ ಕೂಡಲೇ ಉಳ್ಳಾಲದ ಸಯ್ಯಿದ್ ಮದನಿ ದರ್ಗಾ ನೆನಪಿಗೆ ಬರುತ್ತದೆ. ಹೆಸರಿನ ಕೊನೆಗೆ ಮದನಿ ಎಂದು ಸೇರಿಸಿಕೊಂಡ ಉಸ್ತಾದರು ಇಲ್ಲಿನ ಊರೂರಿನ ಪಳ್ಳಿಗಳಲ್ಲಿ ಇದ್ದಾರೆ. ಇವತ್ತು ಹೇಳಹೊರಟಿರುವ ಮದನಿ ಬೇರೆಯವರು. ಉತ್ತರ ಪ್ರದೇಶದಲ್ಲಿ ಹುಟ್ಟಿ, ಮದೀನಾದಲ್ಲಿ ದರ್ಸ್ ನಡೆಸಿ, ಮೆಡಿಟರೇನಿಯನ್ ಕಡಲಿನ ಒಂದು ಪುಟ್ಟ ದ್ವೀಪದಲ್ಲಿ ಬ್ರಿಟಿಷರ ಕೈದಿಯಾಗಿ ಮೂರು ವರ್ಷ ಕಳೆದ ಮೌಲಾನಾ ಹುಸೈನ್ ಅಹ್ಮದ್ ಮದನಿ. ಸ್ವಾತಂತ್ರ್ಯ ಹೋರಾಟದ ಚರಿತ್ರೆ ಓದಿದವರಿಗೆ ಹೆಸರು ಗೊತ್ತಿರುತ್ತದೆ. ಅವರು ಮಾಲ್ಟಾಕ್ಕೆ ಹೋದದ್ದು ಹೇಗೆ, ಅಲ್ಲಿ ಯಾರ ಜೊತೆ ಇದ್ದರು ಎಂಬುದು ಮಾತ್ರ ಹೆಚ್ಚಿನವರಿಗೆ ಗೊತ್ತಿಲ್ಲ. ಅವರ ಬದುಕಿನ ಮುಂದಿನ ನಲವತ್ತು ವರ್ಷ ಬೆಳೆದು ಬಂದದ್ದೇ ಆ ಮೂರು ವರ್ಷದ ಬುಡದಿಂದ.

1879ರ ಅಕ್ಟೋಬರ್ 6ರಂದು ಉನ್ನಾವೊ ಜಿಲ್ಲೆಯ ಬಾಂಗರ್‌ಮಾವ್‌ನಲ್ಲಿ ಅವರ ಜನನ. ತಂದೆ ಸಯ್ಯಿದ್ ಹಬೀಬುಲ್ಲಾ ಶಾಲಾ ಮಾಸ್ತರರು, ಮೂಲ ಊರು ಫೈಝಾಬಾದ್ ಜಿಲ್ಲೆಯ ಟಾಂಡಾ. ಹನ್ನೆರಡು ಹದಿಮೂರರ ಪ್ರಾಯದಲ್ಲಿ ಹುಡುಗನನ್ನು ದೇವ್‌ಬಂದ್‌ನ ದಾರುಲ್ ಉಲೂಮ್‌ಗೆ ಕಳಿಸಿದರು. ಅಲ್ಲಿ ಆಗ ಮುಖ್ಯ ಉಸ್ತಾದರಾಗಿದ್ದವರು ಮೌಲಾನಾ ಮಹ್ಮೂದ್ ಹಸನ್. ಇವರ ಕಥೆಯೂ ಸ್ವಲ್ಪ ಹೇಳಬೇಕು. 1866ರಲ್ಲಿ ದೇವ್‌ಬಂದ್‌ನ ಒಂದು ಸಣ್ಣ ಪಳ್ಳಿಯ ಅಂಗಳದಲ್ಲಿ, ದಾಳಿಂಬೆ ಮರದ ಕೆಳಗೆ ಆ ಮದ್ರಸ ಶುರುವಾದಾಗ ಪಾಠ ಹೇಳಿದ ಉಸ್ತಾದರ ಹೆಸರು ಮುಲ್ಲಾ ಮಹ್ಮೂದ್, ಕಿತಾಬು ಬಿಡಿಸಿ ಎದುರು ಕೂತ ಮೊದಲ ವಿದ್ಯಾರ್ಥಿಯ ಹೆಸರೂ ಮಹ್ಮೂದ್. ಆ ವಿದ್ಯಾರ್ಥಿಯೇ ಮುಂದೆ ಅದೇ ಸಂಸ್ಥೆಯ ದೊಡ್ಡ ಉಸ್ತಾದರಾದರು, ಶೈಖುಲ್ ಹಿಂದ್ ಎಂಬ ಬಿರುದು ಪಡೆದರು. ಅವರು ಹುಟ್ಟಿದ್ದು 1851ರಲ್ಲಿ. ಅಂದರೆ ಹುಸೈನ್ ಅಹ್ಮದ್‌ಗಿಂತ ಇಪ್ಪತ್ತೆಂಟು ವರ್ಷಕ್ಕೆ ಹಿರಿಯರು, ತಂದೆಯ ಪ್ರಾಯ.

ಪಳ್ಳಿ ದರ್ಸ್ ಕಂಡ ನಮ್ಮ ಮನೆಗಳಿಗೆ ಉಸ್ತಾದ್ ಮತ್ತು ಮುತಅಲ್ಲಿಮರ ಸಂಬಂಧ ಎಂಥದ್ದು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಅದಬ್ ಉಂಟು, ಭಯ ಉಂಟು, ಪ್ರೀತಿ ಉಂಟು. ಸ್ನೇಹ ಎಂಬ ಮಾತನ್ನು ಮಾತ್ರ ನಾವು ಅಲ್ಲಿ ಬಳಸುವುದಿಲ್ಲ. ಉಸ್ತಾದರ ಎದುರು ಗೆಳೆಯನಂತೆ ಕಾಲು ಚಾಚಿ ಕೂರುವುದುಂಟೇ? ಆದರೆ ಒಂದೇ ಬೇಲಿಯ ಒಳಗೆ, ಒಂದೇ ಕೈದಿಯ ಅನ್ನ ತಿನ್ನುತ್ತಾ ವರ್ಷಗಟ್ಟಲೆ ಇರುವವರ ನಡುವೆ ಬೆಳೆಯುವುದಕ್ಕೆ ಬೇರೆ ಹೆಸರೂ ಇಲ್ಲ. ಹಾಗಾಗಿ ಅದನ್ನು ಸ್ನೇಹ ಅಂತಲೇ ಕರೆಯುತ್ತೇನೆ, ಹಿರಿಯರು ಕ್ಷಮಿಸಬೇಕು.

ಹುಸೈನ್ ಅಹ್ಮದರ ಓದು ಮುಗಿಯುವ ಹೊತ್ತಿಗೆ ಅವರ ತಂದೆ ಇಡೀ ಕುಟುಂಬವನ್ನು ಕಟ್ಟಿಕೊಂಡು ಮದೀನಾಕ್ಕೆ ಹಿಜ್ರತ್ ಹೊರಟರು. ಹೀಗೆ ಆ ಯುವಕ ಮದೀನಾ ಸೇರಿ, ಮಸ್ಜಿದುನ್ನಬವಿಯಲ್ಲಿ ಪಾಠ ಹೇಳಲು ಕೂತರು. ಹೊಟ್ಟೆಪಾಡಿಗೆ ಕಷ್ಟವಿತ್ತು, ಪಾಠಕ್ಕೆ ಸಂಬಳ ಇರಲಿಲ್ಲ. ನಡುನಡುವೆ ಹಿಂದೂಸ್ತಾನಕ್ಕೆ ಬಂದು ಹೋದದ್ದು ಬಿಟ್ಟರೆ ಮೊದಲ ಮಹಾಯುದ್ಧದ ತನಕ ಅದೇ ಅವರ ಕೆಲಸ. ಮದನಿ ಎಂಬ ಹೆಸರು ಅಂಟಿದ್ದೂ ಹಾಗೆಯೇ. ಅಲ್ಲೇ ಇದ್ದಿದ್ದರೆ ಮದೀನಾದ ಒಬ್ಬ ದೊಡ್ಡ ಆಲಿಮ್ ಆಗಿ, ಬಖೀಅ್‌ನಲ್ಲಿ ದಫನವಾಗಿ, ಚರಿತ್ರೆಯಿಂದ ಸುಮ್ಮನೆ ಮರೆಯಾಗುತ್ತಿದ್ದರು.

ಅವರನ್ನು ಅಲ್ಲಿಂದ ಎಬ್ಬಿಸಿದ್ದು ಉಸ್ತಾದರ ಹಜ್ಜ್ ಯಾತ್ರೆ.

1914ರಲ್ಲಿ ಯುದ್ಧ ಶುರುವಾಯಿತು. ತುರ್ಕಿ ಬ್ರಿಟಿಷರಿಗೆ ಎದುರಾಗಿ ನಿಂತಿತು. ದೇವ್‌ಬಂದ್‌ನಲ್ಲಿ ಮಹ್ಮೂದ್ ಹಸನ್ ಹೊರನೋಟಕ್ಕೆ ಹದೀಸ್ ಪಾಠ ಹೇಳುವ ವೃದ್ಧರು. ಒಳಗಿಂದೊಳಗೆ ಅವರು ಬ್ರಿಟಿಷರನ್ನು ಈ ದೇಶದಿಂದ ಓಡಿಸುವ ಯೋಜನೆ ಹೆಣೆಯುತ್ತಿದ್ದರು. ತಮ್ಮ ಶಿಷ್ಯ ಉಬೈದುಲ್ಲಾ ಸಿಂಧಿಯವರನ್ನು ಕಾಬೂಲಿಗೆ ಕಳಿಸಿದರು. ಅಲ್ಲಿ 1915ರ ಡಿಸೆಂಬರ್ 1ರಂದು ಭಾರತದ ಒಂದು ಹಂಗಾಮಿ ಸರಕಾರವೇ ರಚನೆಯಾಯಿತು. ರಾಜಾ ಮಹೇಂದ್ರ ಪ್ರತಾಪ್ ಅದರ ಅಧ್ಯಕ್ಷರು, ಮೌಲಾನಾ ಬರ್ಕತುಲ್ಲಾ ಪ್ರಧಾನಿ, ಸಿಂಧಿ ಗೃಹಮಂತ್ರಿ. ಹಿಂದೂ ಅಧ್ಯಕ್ಷ, ಮುಸ್ಲಿಂ ಪ್ರಧಾನಿ. ಇದು ನೂರಕ್ಕೂ ಹೆಚ್ಚು ವರ್ಷದ ಹಿಂದಿನ ಮಾತು, ನಮ್ಮ ಮಕ್ಕಳ ಪಾಠಪುಸ್ತಕದಲ್ಲಿ ಇದಕ್ಕೆ ಎಷ್ಟು ಗೆರೆ ಸಿಕ್ಕಿದೆ ಅಂತ ತೆಗೆದು ನೋಡಿ.

ಮಹ್ಮೂದ್ ಹಸನ್ 1915ರ ಸೆಪ್ಟೆಂಬರಿನಲ್ಲಿ ಹಿಜಾಝ್‌ಗೆ ಹೊರಟರು. ಮಕ್ಕಾದಲ್ಲಿ ತುರ್ಕಿಯ ಗವರ್ನರ್ ಗಾಲಿಬ್ ಪಾಷಾರನ್ನು ಕಂಡರು. ಮದೀನಾದಲ್ಲಿ ಶಿಷ್ಯ ಹುಸೈನ್ ಅಹ್ಮದರನ್ನು ಸೇರಿದರು. ತುರ್ಕಿಯ ಯುದ್ಧಮಂತ್ರಿ ಅನ್ವರ್ ಪಾಷಾ ಮತ್ತು ಜಮಾಲ್ ಪಾಷಾ ಮದೀನಾಕ್ಕೆ ಬಂದಾಗ ಅವರನ್ನೂ ಭೇಟಿಯಾದರು. ಹುಸೈನ್ ಅಹ್ಮದ್ ಅಲ್ಲಿಯ ತನಕ ಕಿತಾಬು, ಪಾಠ ಅಂತ ಇದ್ದವರು, ರಾಜಕೀಯಕ್ಕೆ ಕೈ ಹಾಕಿದವರಲ್ಲ. ಉಸ್ತಾದರ ಬಾಯಿಂದ ಯೋಜನೆಯ ವಿಚಾರ ಕೇಳಿದ ಮೇಲೆ ಹಿಂದೆ ಮುಂದೆ ನೋಡದೆ ಜೊತೆಗೆ ನಿಂತರು.

ಅಷ್ಟರಲ್ಲಿ ಎರಡು ಕಡೆಯಿಂದ ಕೆಲಸ ಕೆಟ್ಟಿತು. 1916ರ ಜೂನ್‌ನಲ್ಲಿ ಮಕ್ಕಾದ ಷರೀಫ್ ಹುಸೈನ್ ಬ್ರಿಟಿಷರ ಕುಮ್ಮಕ್ಕಿನಿಂದ ತುರ್ಕಿಯ ವಿರುದ್ಧ ದಂಗೆ ಎದ್ದ. ಉಸ್ತಾದ್ ಶಿಷ್ಯರಿಬ್ಬರೂ ಆಗ ತಾಯಿಫ್‌ನಲ್ಲಿ, ಮುತ್ತಿಗೆಯ ಒಳಗೆ ಸಿಕ್ಕಿಬಿದ್ದಿದ್ದರು. ಅತ್ತ ಕಾಬೂಲಿನಿಂದ ಸಿಂಧಿಯವರು ಮಹ್ಮೂದ್ ಹಸನರಿಗೆ ತಲುಪಿಸಲೆಂದು ಹಳದಿ ರೇಷ್ಮೆ ಬಟ್ಟೆಯ ಮೇಲೆ ಪತ್ರಗಳನ್ನು ಬರೆದು ಕಳಿಸಿದ್ದರು. ಬಟ್ಟೆಯಾದರೆ ಅಂಗಿಯ ಒಳಗೆ ಹೊಲಿದುಕೊಳ್ಳಬಹುದು, ಕಾಗದದಂತೆ ಸದ್ದು ಮಾಡುವುದಿಲ್ಲ. ಪತ್ರ ಹೊತ್ತ ಆಳು ಅದನ್ನು ತಲುಪಿಸಬೇಕಾದ ಕೈಗೆ ತಲುಪಿಸಲಿಲ್ಲ. ಮುಲ್ತಾನಿನ ಒಬ್ಬ ಖಾನ್ ಸಾಹೇಬರ ಮೂಲಕ ಅದು ನೇರ ಬ್ರಿಟಿಷ್ ಕಮಿಷನರನ ಮೇಜಿಗೆ ಹೋಯಿತು. ಆಗಸ್ಟ್ ಹೊತ್ತಿಗೆ ಎಲ್ಲ ಬಯಲು. ಚರಿತ್ರೆಯಲ್ಲಿ ರೇಷ್ಮೆ ಪತ್ರ ಚಳವಳಿ ಅಂತ ಹೇಳುವುದು ಇದನ್ನೇ.

ಬ್ರಿಟಿಷರಿಗೆ ಮಹ್ಮೂದ್ ಹಸನ್ ಬೇಕಾಗಿದ್ದರು. ಷರೀಫನ ಮಕ್ಕಾದಲ್ಲಿ ಅವರ ಮುಂದೆ ಒಂದು ಫತ್ವಾ ಇಡಲಾಯಿತು. ತುರ್ಕಿಗಳನ್ನು ಕಾಫಿರರೆಂದು, ಷರೀಫನ ದಂಗೆ ಸರಿಯೆಂದು ಸಾರುವ ಕಾಗದ. ಸಹಿ ಹಾಕಿದ್ದರೆ ಬಹುಶಃ ಬದುಕು ಸಲೀಸಾಗಿರುತ್ತಿತ್ತು. ಅವರು ಹಾಕಲಿಲ್ಲ. 1916ರ ಕೊನೆಗೆ ಬಂಧನವಾಯಿತು.

ಇಲ್ಲಿ ಒಂದು ಘಟನೆ ಗಮನಿಸಬೇಕು, ನನಗಂತೂ ಇಡೀ ಕಥೆಯ ತಿರುವು ಇದೇ ಅನಿಸುತ್ತದೆ. ಹುಸೈನ್ ಅಹ್ಮದರನ್ನು ಷರೀಫನ ಅಧಿಕಾರಿಗಳು ಮಕ್ಕಾದಲ್ಲಿ ಬೇರೆಯಾಗಿ ಹಿಡಿದಿಟ್ಟಿದ್ದರು. ಉಸ್ತಾದರನ್ನು ಜಿದ್ದಾಗೆ ಒಯ್ದು ಬ್ರಿಟಿಷರಿಗೆ ಒಪ್ಪಿಸುತ್ತಾರೆ ಎಂಬ ಸುದ್ದಿ ಅವರಿಗೆ ಮುಟ್ಟಿತು. ಸುಮ್ಮನಿದ್ದಿದ್ದರೆ ಸ್ವಲ್ಪ ದಿನದಲ್ಲಿ ಬಿಡುಗಡೆಯಾಗಿ ಮದೀನಾದ ಮನೆಗೆ, ಹೆಂಡತಿ ಮಕ್ಕಳ ಹತ್ತಿರ ಹೋಗಬಹುದಿತ್ತು. ಅವರು ಅದರ ಬದಲು, ತನ್ನನ್ನೂ ಉಸ್ತಾದರ ಜೊತೆಗೇ ಕಳಿಸಿ ಎಂದು ತಾವಾಗಿ ಕೇಳಿಕೊಂಡರು. ಉಸ್ತಾದರಿಗೆ ವಯಸ್ಸಾಗಿದೆ, ಕಾಯಿಲೆಯೂ ಇದೆ, ನೋಡಿಕೊಳ್ಳಲು ಒಬ್ಬರು ಬೇಕು. ಇಷ್ಟೇ ಅವರ ಕಾರಣ. ಕೈದಿಯಾಗಲು ಅರ್ಜಿ ಹಾಕಿದ ಮನುಷ್ಯ! ಅಧಿಕಾರಿಗಳಿಗೇನು, ಕಳಿಸಿಬಿಟ್ಟರು.

ಒಟ್ಟು ಐವರು. ಅರುವತ್ತೈದು ದಾಟಿದ ಮಹ್ಮೂದ್ ಹಸನ್. ಮೂವತ್ತೇಳರ ಹುಸೈನ್ ಅಹ್ಮದ್. ಅವರ ಅಣ್ಣನ ಮಗ, ಇನ್ನೂ ಹುಡುಗ ಪ್ರಾಯದ ವಹೀದ್ ಅಹ್ಮದ್. ಗಡಿನಾಡಿನ ಪಠಾಣ ಮೌಲಾನಾ ಉಝೈರ್ ಗುಲ್. ಮತ್ತು ಫತೇಪುರ ಜಿಲ್ಲೆಯ ಕೋಡಾ ಜಹಾನಾಬಾದಿನ ಹಕೀಂ ನುಸ್ರತ್ ಹುಸೈನ್. ಈ ಐದನೆಯ ಹೆಸರನ್ನು ನೆನಪಿಟ್ಟುಕೊಳ್ಳಿ.

1917ರ ಜನವರಿಯಲ್ಲಿ ಜಿದ್ದಾದಿಂದ ಹಡಗು ಹತ್ತಿಸಿ ಸೂಯೆಝ್ ಮೂಲಕ ಕೈರೋಗೆ ತಂದರು. ಜೀಝಾದ ಜೈಲಿನಲ್ಲಿ ಒಬ್ಬೊಬ್ಬರನ್ನು ಒಂದೊಂದು ಕೋಣೆಯಲ್ಲಿ ಹಾಕಿದರು. ಒಬ್ಬರ ಮುಖ ಒಬ್ಬರಿಗೆ ಕಾಣದು, ಸದ್ದು ಕೇಳದು. ವಿಚಾರಣೆಗೆ ಒಬ್ಬೊಬ್ಬರನ್ನೇ ಕರೆದೊಯ್ಯುತ್ತಿದ್ದರು. ಅಧಿಕಾರಿಗಳ ಕೈಯಲ್ಲಿ ದಪ್ಪನೆಯ ಫೈಲು, ಹಿಂದೂಸ್ತಾನದ ಸಿಐಡಿ ಕಳಿಸಿಕೊಟ್ಟದ್ದು. ಇವರ ಕೊರಳಿಗೆ ನೇಣು ಬೀಳುತ್ತದೆ ಎಂದೇ ಎಲ್ಲರಿಗೂ ಅನಿಸಿತ್ತು. ಮಹ್ಮೂದ್ ಹಸನರಿಗೆ ತಮ್ಮ ಜೀವದ ಚಿಂತೆ ಇರಲಿಲ್ಲ. ಅವರನ್ನು ಕೊರೆದದ್ದು ಬೇರೆ. ತನ್ನಿಂದಾಗಿ ಈ ನಾಲ್ವರ ಜೀವ ಹೋಗುತ್ತದಲ್ಲ, ಇವರು ನನ್ನನ್ನು ನಂಬಿ ಬಂದವರಲ್ಲ ಎಂಬ ಸಂಕಟ. ಉಳಿದವರಿಗೆ ಉಸ್ತಾದರು ಏನಾದರೋ ಎಂಬ ಸಂಕಟ. ವಾರಗಟ್ಟಲೆ ಹೀಗೇ ಹೋಯಿತು. ಪ್ರಶ್ನೆ ಕೇಳಿದವರಿಗೆ ಗಲ್ಲಿಗೇರಿಸುವಷ್ಟು ಸಾಕ್ಷಿ ಸಿಗಲಿಲ್ಲ. ಹಾಗಂತ ಬಿಡಲೂ ಮನಸ್ಸಿಲ್ಲ. ಐವರನ್ನೂ ಮಾಲ್ಟಾಕ್ಕೆ ಕಳಿಸುವುದು ಎಂದು ತೀರ್ಮಾನವಾಯಿತು. ಜೈಲಿನಿಂದ ಹೊರಟಾಗ ಮತ್ತೆ ಎಲ್ಲರೂ ಒಟ್ಟಾದರು. ಮುಂದೆ ಹೋಗುವುದು ಎಲ್ಲಿಗೆ ಎಂಬುದಕ್ಕಿಂತ, ಐದು ಜನವೂ ಜೀವಂತ ಇದ್ದೇವೆ ಎಂಬುದೇ ಅವರಿಗೆ ದೊಡ್ಡ ಸಂಗತಿ. 1917ರ ಫೆಬ್ರವರಿ 21ರಂದು ಹಡಗು ಮಾಲ್ಟಾ ಮುಟ್ಟಿತು.

ಮಾಲ್ಟಾ ಎಂದರೆ ಇಟಲಿಯ ಕೆಳಗೆ ಇರುವ ಕಲ್ಲಿನ ದ್ವೀಪ. ಆಗ ಬ್ರಿಟಿಷರ ನೌಕಾನೆಲೆ. ಸಾಮ್ರಾಜ್ಯಕ್ಕೆ ಬೇಡವಾದವರನ್ನೆಲ್ಲ ತಂದು ಕೂಡಿಹಾಕುವ ಜಾಗವೂ ಅದೇ. ಜರ್ಮನರು, ಆಸ್ಟ್ರಿಯದವರು, ಬಲ್ಗೇರಿಯದವರು, ತುರ್ಕಿಗಳು, ಮಿಸ್ರಿನವರು, ಹೀಗೆ ಸಾವಿರಕ್ಕೂ ಮಿಕ್ಕಿ ಜನ ಅಲ್ಲಿನ ಮುಳ್ಳುತಂತಿಯ ಒಳಗಿದ್ದರು. 1914ರ ಸೆಪ್ಟೆಂಬರಿನಲ್ಲಿ ಮದ್ರಾಸಿನ ಮೇಲೆ ಗುಂಡು ಹಾರಿಸಿ ಇಡೀ ದಕ್ಷಿಣವನ್ನು ನಡುಗಿಸಿದ ಎಮ್ಡೆನ್ ಹಡಗಿನ ನಾವಿಕರನ್ನು ತಂದಿಟ್ಟದ್ದೂ ಇಲ್ಲಿಗೇ. ಮಲಯಾಳಂನಲ್ಲಿ ಭಾರೀ ದೊಡ್ಡದಕ್ಕೆ ಎಮಂಡನ್ ಎನ್ನುವ ಮಾತು ಆ ಹಡಗಿನಿಂದ ಬಂದದ್ದು ಅಂತ ಹೇಳುತ್ತಾರೆ. (ಅದೇ ಯುದ್ಧದಲ್ಲಿ ನಮ್ಮ ಮಂಗಳೂರಿನ ಬಾಸೆಲ್ ಮಿಷನ್‌ನ ಜರ್ಮನರನ್ನೂ ಶತ್ರುಗಳೆಂದು ಹಿಡಿದು ಕ್ಯಾಂಪಿಗೆ ಹಾಕಿದ್ದರು. ಅವರ ಹಂಚಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈ ಸೇರಿದ್ದು ಹಾಗೆ.) ಇಂಥ ಜನಜಂಗುಳಿಯ ನಡುವೆ ಹಿಂದೂಸ್ತಾನದ ಐದು ಮಂದಿ ಮೌಲಾನರು.

ಮಾಲ್ಟಾದ ಚಳಿಗಾಲದ ಗಾಳಿ ಕಡಲಿನಿಂದ ನೇರ ಬೀಸುತ್ತದೆ. ಮಹ್ಮೂದ್ ಹಸನರಿಗೆ ಮೊದಲೇ ಚಳಿ ಆಗುತ್ತಿರಲಿಲ್ಲ. ವಾತದ ನೋವು, ಮೇಲಿಂದ ಮುಪ್ಪು. ರಾತ್ರಿ ಎಷ್ಟೋ ಹೊತ್ತಿಗೆ ತಹಜ್ಜುದ್‌ಗೆ ಏಳುವ ಅಭ್ಯಾಸ ಮಾತ್ರ ಬಿಟ್ಟವರಲ್ಲ. ವುಝೂ ಮಾಡಲು ನೀರು ಮುಟ್ಟಿದರೆ ಕೈ ಮರಗಟ್ಟುವಷ್ಟು ತಣ್ಣಗೆ. ನೀರು ಕಾಯಿಸಲು ಒಲೆಯಿಲ್ಲ. ಹುಸೈನ್ ಅಹ್ಮದ್ ಇದಕ್ಕೆ ಕಂಡುಕೊಂಡ ಉಪಾಯವನ್ನು ದೇವ್‌ಬಂದ್ ಕಡೆಯ ಉಲಮಾಗಳು ಇವತ್ತಿಗೂ ಹೇಳುತ್ತಾರೆ. ಇಶಾ ಮುಗಿದು ಉಸ್ತಾದರು ಮಲಗಿದ ಮೇಲೆ ಅವರು ಗಿಂಡಿ ತುಂಬ ನೀರು ತುಂಬಿಸಿ, ಅದನ್ನು ಹೊಟ್ಟೆಗೆ ಒತ್ತಿಕೊಂಡು, ಮೇಲಿಂದ ಬಗ್ಗಿ, ಹೊದ್ದುಕೊಂಡು ಕೂತುಬಿಡುತ್ತಿದ್ದರು. ರಾತ್ರಿಯಿಡೀ. ಮೈಯ ಬಿಸಿಗೆ ನೀರಿನ ತಣ್ಣಗು ಬಿಟ್ಟಿರುತ್ತಿತ್ತು. ಉಸ್ತಾದರು ಎದ್ದಾಗ ಅದನ್ನು ಮುಂದಿಡುವುದು.

ಈ ಕಥೆಯನ್ನು ವಅಳ್‌ಗಳಲ್ಲಿ ಹೇಳುವಾಗ ಮುತಅಲ್ಲಿಮರಿಗೆ ಖಿದ್ಮತ್‌ನ ಪಾಠವಾಗಿ ಹೇಳುವುದುಂಟು. ಅದು ಸರಿಯೇ. ಆದರೆ ಈ ಗಿಂಡಿ ಹಿಡಿದು ಕೂತವರು ಹದಿನಾರರ ಮುತಅಲ್ಲಿಂ ಅಲ್ಲ ಎಂಬುದನ್ನು ಮರೆಯಬಾರದು. ಮಸ್ಜಿದುನ್ನಬವಿಯಲ್ಲಿ ದರ್ಸ್ ಕೊಟ್ಟ, ನಾನಾ ದೇಶದ ವಿದ್ಯಾರ್ಥಿಗಳು ಎದುರು ಕೂತು ಕೇಳಿದ, ನಲವತ್ತರ ಹತ್ತಿರದ ಆಲಿಮ್. ಅವರ ಸ್ವಂತ ಸಂಸಾರ ಮದೀನಾದಲ್ಲಿ ಯುದ್ಧದ ಬಾಯಿಗೆ ಸಿಕ್ಕಿತ್ತು. ತಂದೆಯನ್ನು ತುರ್ಕಿ ಸರಕಾರ ಮದೀನಾದಿಂದ ಎಬ್ಬಿಸಿ ದೂರದ ಎಡ್ರಿಯಾನೋಪಲ್‌ಗೆ ಕಳಿಸಿತ್ತು, ಆ ಹಿರಿಯರು ಅಲ್ಲೇ ಕಣ್ಣು ಮುಚ್ಚಿದರು. ಕುಟುಂಬದಲ್ಲಿ ಸಾವಿನ ಮೇಲೆ ಸಾವು. ಸುದ್ದಿ ಬರುವುದಾದರೂ ಹೇಗೆ? ಸೆನ್ಸಾರಿನವರು ಬಿಡಿಸಿ ಓದಿ ಮುಚ್ಚಿದ ಕಾಗದಗಳಲ್ಲಿ, ತಿಂಗಳುಗಳ ನಂತರ. ಮಯ್ಯಿತ್ ನೋಡಲಿಲ್ಲ, ಮಣ್ಣು ಹಾಕಲಿಲ್ಲ. ತಾನಾಗಿ ಕೇಳಿ ಪಡೆದ ಕೈದಿನ ಬೆಲೆ ಅದು. ಗಲ್ಫಿನಲ್ಲಿ ದುಡಿಯುವಾಗ ಊರಿಂದ ಉಮ್ಮನ ಸಾವಿನ ಫೋನು ಬಂದು, ರಜೆ ಸಿಗದೆ ಅಲ್ಲೇ ಕೂತು ದುಆ ಮಾಡಿದವರು ನಮ್ಮ ಮನೆಗಳಲ್ಲಿ ಎಷ್ಟಿಲ್ಲ. ಅವರಿಗೆ ಈ ಕಾಗದಗಳ ಭಾರ ಗೊತ್ತು.

ಕ್ಯಾಂಪಿನಲ್ಲಿ ಕೊಡುತ್ತಿದ್ದ ಮಾಂಸ ಝಬಹ್ ಮಾಡಿದ್ದಲ್ಲ, ಆದ್ದರಿಂದ ಅದನ್ನು ಇವರು ಮುಟ್ಟಲಿಲ್ಲ. ದಿನ ಹೋಗುವುದು ನಮಾಝ್, ದಿಕ್ರ್, ಓದಿನಲ್ಲಿ. ಮಹ್ಮೂದ್ ಹಸನ್ ಹಜ್ಜ್‌ಗೆ ಹೊರಡುವ ಮೊದಲೇ ಉರ್ದುವಿನಲ್ಲಿ ಕುರ್‌ಆನ್ ಅನುವಾದಕ್ಕೆ ಕೈ ಹಾಕಿದ್ದರು. ಊರಿನಲ್ಲಿ ಪಾಠ, ಮದ್ರಸದ ಜವಾಬ್ದಾರಿ, ಬಂದು ಹೋಗುವವರ ಗಲಾಟೆಯಲ್ಲಿ ಅದು ಕುಂಟುತ್ತಿತ್ತು. ಬ್ರಿಟಿಷರು ಕೈದು ಮಾಡಿ ಪುರುಸೊತ್ತು ಮಾಡಿಕೊಟ್ಟರು! ಉಳಿದ ಭಾಗವನ್ನೆಲ್ಲ ಮಾಲ್ಟಾದ ಬೇಲಿಯೊಳಗೆ ಕೂತು ಪೂರ್ತಿ ಮಾಡಿದರು. ಟಿಪ್ಪಣಿ ಬರೆಯಲು ತೊಡಗಿದ್ದು ಮಾತ್ರ ಅರ್ಧಕ್ಕೆ ನಿಂತಿತು, ಅದನ್ನು ಮುಂದೆ ಅವರ ಶಿಷ್ಯ ಶಬ್ಬೀರ್ ಅಹ್ಮದ್ ಉಸ್ಮಾನಿ ಮುಗಿಸಿದರು. ತಫ್ಸೀರೆ ಉಸ್ಮಾನಿ ಎಂದು ಉರ್ದು ಬಲ್ಲವರ ಮನೆಗಳಲ್ಲಿ ಇರುವುದು ಅದೇ. ಎಷ್ಟೋ ವರ್ಷದ ನಂತರ ಮದೀನಾದ ಕಿಂಗ್ ಫಹದ್ ಮುದ್ರಣಾಲಯ ಇದನ್ನು ಅಚ್ಚು ಹಾಕಿಸಿ ಹಂಚಿತು.

ಹುಸೈನ್ ಅಹ್ಮದ್ ಅಷ್ಟು ದೊಡ್ಡ ಆಲಿಮ್ ಆಗಿದ್ದರೂ ಹಾಫಿಝ್ ಆಗಿರಲಿಲ್ಲ. ಆ ಕೊರತೆ ಅವರ ಮನಸ್ಸಿನಲ್ಲಿತ್ತು. ಮಾಲ್ಟಾದಲ್ಲಿ ಕೂತು, ಆ ಪ್ರಾಯದಲ್ಲಿ, ಇಡೀ ಕುರ್‌ಆನ್ ಬಾಯಿಪಾಠ ಮಾಡಿದರು. ಹಗಲು ಕಲಿತದ್ದನ್ನು ನಮಾಝ್‌ನಲ್ಲಿ ಓದಿ ಉಸ್ತಾದರಿಗೆ ಕೇಳಿಸುವುದು. ಒಬ್ಬರು ಅರ್ಥ ಬರೆಯುತ್ತಿದ್ದಾರೆ, ಇನ್ನೊಬ್ಬರು ಅದನ್ನೇ ಎದೆಗೆ ಇಳಿಸಿಕೊಳ್ಳುತ್ತಿದ್ದಾರೆ. ಕಾವಲಿನ ಸೋಲ್ಜರನಿಗೆ ಇದು ಎಷ್ಟು ಅರ್ಥವಾಗಿತ್ತೋ.

ಈಗ ಹಕೀಂ ನುಸ್ರತ್ ಹುಸೈನರ ವಿಷಯ. ಇವರಿಗೂ ರೇಷ್ಮೆ ಪತ್ರಕ್ಕೂ ಹೇಳಿಕೊಳ್ಳುವಂಥ ಸಂಬಂಧ ಇರಲಿಲ್ಲ. ದೇವ್‌ಬಂದ್‌ನಲ್ಲಿ ಓದಿದವರು, ಹಜ್ಜ್‌ಗೆ ಬಂದವರು, ಉಸ್ತಾದರ ಜೊತೆ ಇದ್ದ ಕಾರಣಕ್ಕೆ ಹಿಡಿಯಲ್ಪಟ್ಟವರು. ಹಿಂದೂಸ್ತಾನದಿಂದ ಮಾಲ್ಟಾಕ್ಕೆ ವಿಚಾರಣೆಗೆಂದು ಒಬ್ಬ ಇಂಗ್ಲಿಷ್ ಅಧಿಕಾರಿ ಬಂದಾಗ ಅವನಿಗೂ ಇದು ಮನದಟ್ಟಾಯಿತು. ನೀನು ಬೇಕಾದರೆ ಊರಿಗೆ ಹೋಗಬಹುದು ಎಂಬ ಅವಕಾಶ ಅವರ ಮುಂದೆ ಬಂತು. ಯಾರಾದರೂ ಏನು ಮಾಡುತ್ತಾರೆ? ಗಂಟು ಕಟ್ಟುತ್ತಾರೆ. ಉಳಿದವರೂ ಹೋಗು ಅಂತಲೇ ಒತ್ತಾಯ ಮಾಡಿದರು. ಹಕೀಂ ಸಾಹೇಬರು ಒಪ್ಪಲಿಲ್ಲ. ಹಝ್ರತರನ್ನು ಇಲ್ಲಿ ಬಿಟ್ಟು ತಾನೊಬ್ಬ ಹೋಗುವುದಿಲ್ಲ, ಹೋಗುವುದಾದರೆ ಎಲ್ಲರೂ ಒಟ್ಟಿಗೆ ಎಂದರು. ಆ ನಂತರ ಕಾಯಿಲೆ ಬಿದ್ದು, 1918ರಲ್ಲಿ ಮಾಲ್ಟಾದಲ್ಲೇ ತೀರಿಕೊಂಡರು. ಅಲ್ಲಿನ ಮಣ್ಣಿನಲ್ಲೇ ದಫನವಾಯಿತು. ಐವರಲ್ಲಿ ಊರು ಕಾಣದೆ ಹೋದವರು ಅವರೊಬ್ಬರೇ, ಅದೂ ಊರಿಗೆ ಹೋಗುವ ಚೀಟಿ ಕೈಗೆ ಬಂದಿದ್ದ ಒಬ್ಬರೇ.

ಸಾಮಾನ್ಯವಾಗಿ ಮಾಲ್ಟಾದ ಕಥೆ ಹೇಳುವವರು ದೊಡ್ಡ ಇಬ್ಬರ ಹೆಸರು ಹೇಳಿ ಹಕೀಂ ಸಾಹೇಬರನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನನಗೆ ಇದು ನ್ಯಾಯ ಅಂತ ಕಾಣುವುದಿಲ್ಲ. ಹುಸೈನ್ ಅಹ್ಮದರ ನಿಷ್ಠೆಗೆ ಮುಂದೆ ಹೆಸರು ಬಂತು, ಗೌರವ ಬಂತು. ಇವರ ನಿಷ್ಠೆಗೆ ದಕ್ಕಿದ್ದು ಪರದೇಶದ ಒಂದು ಕಬರ್.

1918ರ ನವೆಂಬರಿನಲ್ಲಿ ಯುದ್ಧ ಮುಗಿಯಿತು. ಜರ್ಮನರು, ಆಸ್ಟ್ರಿಯದವರು ಒಬ್ಬೊಬ್ಬರಾಗಿ ಊರಿಗೆ ಹೋದರು. ಇವರಿಗೆ ಬಿಡುಗಡೆ ಇಲ್ಲ. 1919ರಲ್ಲಿ ಮಿಸ್ರಿನ ನಾಯಕ ಸಅದ್ ಝಗ್ಲೂಲ್‌ರನ್ನು ತಂದು ಮಾಲ್ಟಾಕ್ಕೆ ಹಾಕಿದರು, ಮಿಸ್ರ್ ಹೊತ್ತಿ ಉರಿದಾಗ ಬಿಟ್ಟುಬಿಟ್ಟರು. ಸೋತ ತುರ್ಕಿಯ ಮಂತ್ರಿ ಪಾಷಾಗಳನ್ನು ತಂದು ತುಂಬಿದರು. ಹಿಂದೂಸ್ತಾನದ ನಾಲ್ವರು ಮಾತ್ರ ಅಲ್ಲೇ. ಕೊನೆಗೆ 1920ರ ಮಾರ್ಚ್‌ನಲ್ಲಿ ಮಾಲ್ಟಾದಿಂದ ಹೊರಡಿಸಿ, ಮಿಸ್ರಿನಲ್ಲಿ ಮತ್ತಷ್ಟು ದಿನ ತಡೆದು, ಜೂನ್ 8ರಂದು ಬೊಂಬಾಯಿಗೆ ತಂದು ಬಿಟ್ಟರು. ಬಂದರಿನಲ್ಲಿ ಖಿಲಾಫತ್ ಚಳವಳಿಯ ನಾಯಕರು ಕಾದಿದ್ದರು. ಮಹ್ಮೂದ್ ಹಸನರಿಗೆ ಶೈಖುಲ್ ಹಿಂದ್ ಎಂಬ ಬಿರುದು ಖಿಲಾಫತ್ ಕಮಿಟಿಯಿಂದ ಬಂದದ್ದು ಈ ಸಂದರ್ಭದಲ್ಲಿ.

ಅವರಿಗೆ ಉಳಿದದ್ದು ಆರು ತಿಂಗಳೂ ಅಲ್ಲ. ಆ ಸ್ವಲ್ಪ ಸಮಯದಲ್ಲೇ ಅಸಹಕಾರಕ್ಕೆ ಫತ್ವಾ ಕೊಟ್ಟರು. ಅಕ್ಟೋಬರ್ 29ರಂದು ಅಲಿಘಡದಲ್ಲಿ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದ ಅಡಿಪಾಯದ ಸಭೆಗೆ ಹೋದಾಗ ಸ್ವತಃ ನಿಂತು ಮಾತಾಡುವ ತ್ರಾಣ ಇರಲಿಲ್ಲ, ಭಾಷಣವನ್ನು ಶಬ್ಬೀರ್ ಅಹ್ಮದ್ ಉಸ್ಮಾನಿ ಓದಿದರು. ನವೆಂಬರಿನಲ್ಲಿ ದಿಲ್ಲಿಯ ಜಮೀಯತ್ ಉಲಮಾ ಸಮ್ಮೇಳನಕ್ಕೂ ಅವರದೇ ಅಧ್ಯಕ್ಷತೆ. ಹಾಸಿಗೆ ಹಿಡಿದಿದ್ದದ್ದು ಡಾ. ಮುಖ್ತಾರ್ ಅಹ್ಮದ್ ಅನ್ಸಾರಿಯವರ ದಿಲ್ಲಿಯ ಮನೆಯಲ್ಲಿ.

ಆಗಲೇ ಕಲ್ಕತ್ತಾದಿಂದ ಮೌಲಾನಾ ಆಝಾದ್ ಒಂದು ಬೇಡಿಕೆ ಕಳಿಸಿದರು. ಸರಕಾರದ ಹಂಗಿಲ್ಲದ ಹೊಸ ಮದ್ರಸ ಶುರುವಾಗುತ್ತದೆ, ಒಬ್ಬ ಒಳ್ಳೆಯ ಉಸ್ತಾದರನ್ನು ಕಳಿಸಿಕೊಡಿ ಎಂದು. ಶೈಖುಲ್ ಹಿಂದ್ ಹುಸೈನ್ ಅಹ್ಮದರನ್ನು ಹೊರಡು ಎಂದರು. ಮೂರು ವರ್ಷ ಕೈದಿನಲ್ಲಿ ಒಂದು ರಾತ್ರಿಯೂ ಬಿಟ್ಟಿರದ ಶಿಷ್ಯನನ್ನು, ಈ ಸ್ಥಿತಿಯಲ್ಲಿ. ಹುಸೈನ್ ಅಹ್ಮದರ ಮನಸ್ಸು ಒಪ್ಪಲಿಲ್ಲ, ಆದರೆ ಅಪ್ಪಣೆ ಮೀರುವುದು ಹೇಗೆ? ಹೊರಟರು. ದಾರಿಯಲ್ಲಿ ಅಮ್ರೋಹಾದಲ್ಲಿ ಇಳಿದಿದ್ದಾಗ ತಂತಿ ಬಂತು. ನವೆಂಬರ್ 30ರಂದು ಉಸ್ತಾದರು ತೀರಿಕೊಂಡಿದ್ದರು. ಮಯ್ಯಿತ್ ದಿಲ್ಲಿಯಿಂದ ದೇವ್‌ಬಂದ್‌ಗೆ ಹೋಯಿತು. ಹುಸೈನ್ ಅಹ್ಮದ್ ಅಲ್ಲಿಗೆ ಓಡಿ ಮುಟ್ಟುವಾಗ ದಫನ ಮುಗಿದಿತ್ತು. ತಂದೆಯ ಮಣ್ಣೂ ಇಲ್ಲ, ಉಸ್ತಾದರ ಮಣ್ಣೂ ಇಲ್ಲ.

ಅಳುತ್ತಾ ಕೂತರೆ ಆಗುವುದಿಲ್ಲವಲ್ಲ. ಕೊಟ್ಟ ಅಪ್ಪಣೆ ಬಾಕಿ ಇತ್ತು. ಕಲ್ಕತ್ತಾಕ್ಕೆ ಹೋಗಿ ಪಾಠ ಶುರು ಮಾಡಿದರು. ಮಾಲ್ಟಾದ ಆ ದಿನಗಳನ್ನೂ ಉಸ್ತಾದರ ಬದುಕನ್ನೂ ಸಫರ್‌ನಾಮಾ ಅಸೀರೆ ಮಾಲ್ಟಾ ಎಂಬ ಪುಸ್ತಕದಲ್ಲಿ ಬರೆದಿಟ್ಟರು. ಅದರಲ್ಲಿ ಹೆಚ್ಚು ಇರುವುದು ಉಸ್ತಾದರ ಸುದ್ದಿಯೇ.

ಮುಂದಿನದ್ದು ಚರಿತ್ರೆಯಲ್ಲಿ ಇದ್ದದ್ದೇ, ಬೇಗ ಹೇಳಿಬಿಡುತ್ತೇನೆ. 1921ರ ಜುಲೈಯಲ್ಲಿ ಕರಾಚಿಯ ಖಿಲಾಫತ್ ಸಮ್ಮೇಳನದಲ್ಲಿ, ಬ್ರಿಟಿಷ್ ಸೈನ್ಯದಲ್ಲಿ ನೌಕರಿ ಮಾಡುವುದು ಮುಸ್ಲಿಮರಿಗೆ ಹರಾಮ್ ಎಂಬ ನಿರ್ಣಯಕ್ಕಾಗಿ ಅವರ ಮೇಲೆ ಕೇಸಾಯಿತು. ಆರೋಪಿಗಳ ಸಾಲಿನಲ್ಲಿ ಅಲಿ ಸಹೋದರರು, ಡಾ. ಕಿಚ್ಲು, ಜೊತೆಗೆ ಒಬ್ಬ ಜಗದ್ಗುರು ಶಂಕರಾಚಾರ್ಯರು. ಶಂಕರಾಚಾರ್ಯರು ಖುಲಾಸೆಯಾದರು, ಉಳಿದವರಿಗೆ ಎರಡು ವರ್ಷ ಸಜೆ. ಬಿಡುಗಡೆಯಾದ ಮೇಲೆ ಸಿಲ್ಹೆಟ್‌ನಲ್ಲಿ ಕೆಲವು ವರ್ಷ ಪಾಠ. ನಂತರ ದೇವ್‌ಬಂದ್‌ನಲ್ಲಿ ಶೈಖುಲ್ ಹಿಂದ್ ಕೂತು ಹದೀಸ್ ಹೇಳಿದ ಅದೇ ಪೀಠಕ್ಕೆ ಬಂದು, ಸಾಯುವ ತನಕ ಸುಮಾರು ಮೂವತ್ತು ವರ್ಷ ಅಲ್ಲೇ. ಮಲಬಾರ್ ಕಡೆಯಿಂದ ಹೋಗಿ ಹೆಸರಿಗೆ ಖಾಸಿಮಿ ಸೇರಿಸಿಕೊಂಡು ಬಂದ ಉಸ್ತಾದರು ಕಲಿತದ್ದು ಈ ಮದ್ರಸದಲ್ಲೇ. 1942ರಲ್ಲಿ ಮತ್ತೆ ಜೈಲು, ಎರಡು ವರ್ಷ.

ಅತ್ಯಂತ ಕಷ್ಟದ ಕಾಲ ಬ್ರಿಟಿಷರಿಂದ ಬಂದದ್ದಲ್ಲ, ನಮ್ಮವರಿಂದಲೇ ಬಂದದ್ದು. ಒಂದು ದೇಶದಲ್ಲಿ ಬೇರೆ ಬೇರೆ ಧರ್ಮದವರು ಸೇರಿ ಒಂದೇ ರಾಷ್ಟ್ರವಾಗಿ ಬಾಳಬಹುದು ಎಂದು ಅವರು 1938ರಲ್ಲಿ ವಾದಿಸಿದಾಗ ಇಕ್ಬಾಲ್‌ರಂಥ ಕವಿಯೇ ಎದುರು ನಿಂತರು. ದೇಶ ವಿಭಜನೆಯ ಬೇಡಿಕೆ ಏರಿದ ಹಾಗೆ, 1945-46ರ ಚುನಾವಣೆಯ ಹೊತ್ತಿಗೆ, ರೈಲು ನಿಲ್ದಾಣಗಳಲ್ಲಿ ಮುಸ್ಲಿಂ ಯುವಕರೇ ಈ ವೃದ್ಧರನ್ನು ಸುತ್ತುವರಿದು ಅವಮಾನ ಮಾಡಿದರು. ಅವರು ತಮ್ಮ ಮಾತು ಬದಲಿಸಲಿಲ್ಲ. ವಿಭಜನೆಯಾದ ಮೇಲೆ ಪಶ್ಚಿಮ ಉತ್ತರ ಪ್ರದೇಶದ ಮುಸ್ಲಿಮರು ಗಂಟುಮೂಟೆ ಕಟ್ಟುತ್ತಿದ್ದಾಗ, ಇದು ನಿಮ್ಮ ನೆಲ, ಬಿಟ್ಟು ಹೋಗಬೇಡಿ ಎಂದು ಊರೂರು ಸುತ್ತಿ ಹೇಳಿದರು. 1954ರಲ್ಲಿ ಸರಕಾರ ಪದ್ಮಭೂಷಣ ಪ್ರಶಸ್ತಿ ಮೊದಲ ಬಾರಿ ಕೊಟ್ಟಾಗ ಅವರ ಹೆಸರೂ ಪಟ್ಟಿಯಲ್ಲಿತ್ತು. ಅವರು ಬೇಡ ಎಂದರು.

ಮಾಲ್ಟಾದ ಪಠಾಣ ಸಂಗಾತಿ ಉಝೈರ್ ಗುಲ್ ಗಡಿನಾಡಿಗೆ ಮರಳಿ, ಎಲ್ಲರಿಗಿಂತ ಹೆಚ್ಚು ಕಾಲ, 1989ರ ತನಕ ಬದುಕಿದ್ದರು. ರೇಷ್ಮೆ ಪತ್ರ ಚಳವಳಿಯ ನೆನಪಿಗೆ ಭಾರತ ಸರಕಾರ ಅಂಚೆಚೀಟಿ ತಂದದ್ದು 2013ರಲ್ಲಿ, ರಾಷ್ಟ್ರಪತಿ ಪ್ರಣವ್ ಮುಖರ್ಜಿಯವರ ಕೈಯಿಂದ.

ಹುಸೈನ್ ಅಹ್ಮದ್ ಮದನಿ 1957ರ ಡಿಸೆಂಬರ್ 5ರಂದು ದೇವ್‌ಬಂದ್‌ನಲ್ಲಿ ತೀರಿಕೊಂಡರು. ಶೈಖುಲ್ ಹದೀಸ್ ಮೌಲಾನಾ ಝಕರಿಯ್ಯಾ ಕಾಂಧಲವಿಯವರು ಮಯ್ಯಿತ್ ನಮಾಝ್‌ಗೆ ನಿಂತರು. ದಫನ ಮಾಡಿದ್ದು ಮಝಾರೆ ಖಾಸಿಮಿಯಲ್ಲಿ, ಮೂವತ್ತೇಳು ವರ್ಷದ ಹಿಂದೆ ಅವರು ತಡವಾಗಿ ಬಂದು ಮುಟ್ಟಿದ್ದ ಅದೇ ಕಬರಸ್ಥಾನದಲ್ಲಿ, ಉಸ್ತಾದರ ಸಮೀಪ.